ದೊರೆಯ ಪಾದದಲ್ಲಿ ಸಿಕ್ಕ ಬೀಜ

ಕಾಲು ನಿಲ್ಲದ ನನ್ನ ತಂಗಿಗೆ,

ನೀನು ಗಾಬರಿಯಾಗುವ ಮೊದಲೇ ಹೇಳಿಬಿಡುತ್ತೇನೆ, ನಿನ್ನ ನಾಯಿ ಬದುಕಿದೆ. ಮುಂದಿನ ಎಡಗಾಲಿಗೆ ಬ್ಯಾಂಡೇಜು, ಗಾಯ ನೆಕ್ಕದಿರಲೆಂದು ಕುತ್ತಿಗೆಗೆ ತಳವಿಲ್ಲದ ಬಕೆಟ್ಟಿನಂಥದ್ದೊಂದು. ಒಳಗೆ ಹೊಲಿಗೆ ಮೆಷಿನ್ನಿನ ಕೆಳಗೆ ಮಲಗಿ, ಮೆಟ್ಟಿಲ ಮೇಲೆ ಕೂತ ನನ್ನನ್ನೇ ದುರುಗುಟ್ಟಿ ನೋಡುತ್ತಿದೆ. ದೊರೆ ಎಂದು ಹೆಸರಿಟ್ಟವಳು ನೀನು, ಊಳಿಗ ನನ್ನ ಪಾಲಿಗೆ.

"ಎರಡೇ ವಾರ ಕಣೇ ಅಕ್ಕ, ಹಿಂಗೆ ಹೋಗಿ ಹಂಗೆ ಬಂದ್ಬಿಡ್ತೀನಿ" ಎಂದು ದೊರೆಯನ್ನು ನನಗೊಪ್ಪಿಸಿ ಹೋಗಿದ್ದೆ ನೀನು. ಆ ಎರಡು ವಾರಕ್ಕೆ ಈಗ ಮೂರು ವರ್ಷ ತುಂಬಿತು ಮಾರಾಯ್ತಿ.

ಹಿತ್ತಲ ಹುಲ್ಲು ನಿನಗೆ ನೆನಪಿರಬೇಕು. ಹಸಿರಾಗಿರುವಾಗ ಪಾಪದ್ದು. ಒಣಗಿ ತೆನೆ ಬಿಟ್ಟಿತೋ, ಬೀಜ ಒಂದೊಂದೂ ಬಾಣದ ಮೊನೆ. ನಾಯಿಯ ಕಿವಿ, ಕಂಕುಳು, ಬೆರಳ ಸಂದಿ, ಎಲ್ಲಿ ಬೇಕಾದರೂ ಹೊಕ್ಕುಬಿಡುತ್ತದೆ. ಅದಕ್ಕೇ ದಿನಾ ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ ಹಳೆಯ ಹಾಸು ಹರಡಿ, ದೊರೆಯನ್ನು ಮಲಗಿಸಿ, ಬಾಚಣಿಗೆ ಹಿಡಿದು ಕೂರುತ್ತಿದ್ದೆ. ಒಂದೊಂದೇ ಬೀಜ ಹೆಕ್ಕಿ ಹಾಸಿನ ಮೇಲೆ ಹಾಕುತ್ತಿದ್ದೆ. ಆಮೇಲೆ ಏನು ಮಾಡುತ್ತಿದ್ದೆ ಗೊತ್ತೇ? ಎದ್ದು ನಿಂತು, ದಾರದ ಚೂರು ಕೊಡವುವ ಹಾಗೆ, ಹಾಸನ್ನು ಅದೇ ಮೆಟ್ಟಿಲಿಂದ ಹಿತ್ತಲಿಗೇ ಕೊಡವುತ್ತಿದ್ದೆ. ದರ್ಜಿಯ ಕೈ ನೋಡು, ತಲೆಯನ್ನು ಕೇಳುವುದಿಲ್ಲ. ವರ್ಷ ವರ್ಷ ಹುಲ್ಲು ಮೆಟ್ಟಿಲ ಹತ್ತಿರ ಹತ್ತಿರ ದಟ್ಟವಾಗುತ್ತ ಬಂತು. ನಾನು ಪಕ್ಕದ ಮನೆಯವರನ್ನು ಬೈದುಕೊಳ್ಳುತ್ತಿದ್ದೆ.

ಹೋದ ತಿಂಗಳು ಮಾಸ್ತರ ಕಾಗದ ಬಂತು. ನನಗೆ ಕತ್ತರಿ ಹಿಡಿಯಲು ಕಲಿಸಿದವರು, ಈಗ ದೂರದ ಪಟ್ಟಣದಲ್ಲಿ ದೊಡ್ಡ ಹೊಲಿಗೆಮನೆ ನಡೆಸುತ್ತಿದ್ದಾರೆ. ಬಟ್ಟೆ ಕತ್ತರಿಸುವ ವಿಭಾಗ ಪೂರ್ತಿ ನಿನ್ನ ಕೈಗೆ, ಉಳಿಯಲು ಕೋಣೆಯೂ ಇದೆ, ನಾಯಿಗೆ ಮಾತ್ರ ಜಾಗವಿಲ್ಲ ಎಂದು ಬರೆದಿದ್ದರು. ಕರೆದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ನಾನು ಆಗುವುದಿಲ್ಲ ಅಂದದ್ದು ದೊರೆಯಿಂದಾಗಿ, ಅಂದರೆ ನಿನ್ನಿಂದಾಗಿ.

ಅದೇ ವಾರ ದೊರೆ ಪಾದ ನೆಕ್ಕತೊಡಗಿತು. ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಸೂಜಿ ಬಿಸಿ ಮಾಡಿ ನಾನೇ ಬಿಡಿಸಿದೆ. ಬೀಜ ಅರ್ಧ ಬಂತು, ಅದರ ಮೊನೆ ಒಳಗೇ ಮುರಿಯಿತು. ಮರುದಿನ ಪಾದ ಊದಿತು. ಅದರ ಮರುದಿನ ದೊರೆ ಊಟ ಬಿಟ್ಟಿತು. ಡಾಕ್ಟರ ಕ್ಲಿನಿಕ್ಕು ಎರಡೇ ಬೀದಿ ಆಚೆ. ನಾನು ಕರೆದುಕೊಂಡು ಹೋಗಲಿಲ್ಲ. ಮೂರು ದಿನ ಹೋಗಲಿಲ್ಲ ಕಣೇ.

ಕೆಲಸವಿತ್ತು ಎಂದು ಸುಳ್ಳು ಹೇಳಬಹುದು. ಹೇಳುವುದಿಲ್ಲ. ಇದು ಹೋದರೆ ನಾನು ಹೋಗಬಹುದು ಎಂದು ನನ್ನ ತಲೆಗೆ ಬಂದಿತ್ತು. ಒಂದು ಕಡೆ ಮಾಸ್ತರ ಕಾಗದ, ಇನ್ನೊಂದು ಕಡೆ ದೊರೆಯ ಕುಂಟು. ನಡುವೆ ನಾನು ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತ ಕೂತಿದ್ದೆ. ನಾಲ್ಕನೆಯ ಬೆಳಿಗ್ಗೆ ಅದು ಮೂರೇ ಕಾಲಲ್ಲಿ ಬಂದು ಆ ಊದಿದ ಪಾದವನ್ನು ನನ್ನ ತೊಡೆಯ ಮೇಲಿಟ್ಟಿತು. ಬೀಜ ತೆಗೆಯುವವಳು ನಾನೇ ತಾನೇ, ದಿನಾ ಸಂಜೆ. ನನಗೆ ನಾಚಿಕೆಯಾಯಿತು. ಎತ್ತಿಕೊಂಡು ಓಡಿದೆ.

ಬೀಜ ಪಾದ ದಾಟಿ ಮಣಿಕಟ್ಟಿನವರೆಗೆ ಏರಿತ್ತು. ಡಾಕ್ಟರಮ್ಮ ಕೊಯ್ದು ತೆಗೆದು ನನ್ನ ಅಂಗೈ ಮೇಲಿಟ್ಟರು. "ಇದು ಮುಂದಕ್ಕೆ ಮಾತ್ರ ಹೋಗತ್ತಮ್ಮ, ಹಿಂದಕ್ಕೆ ಬರಲ್ಲ. ಇನ್ನೆರಡು ದಿನ ಬಿಟ್ಟಿದ್ರೆ ಕಾಲೇ ತೆಗೀಬೇಕಾಗ್ತಿತ್ತು" ಅಂದರು. ಹಾಸು ಕೊಡವುವ ಸಂಗತಿ ಕೇಳಿ ಹಣೆ ಚಚ್ಚಿಕೊಂಡರು.

ನಿನ್ನೆ ಇಡೀ ದಿನ ಕುಡುಗೋಲು ಹಿಡಿದು ಹಿತ್ತಲು ಬೋಳಿಸಿದೆ. ಹುಲ್ಲನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಕಸದ ಗಾಡಿಗೆ ಹಾಕಿದೆ. ಚೀಲ ಸಾಗಿಸುವಾಗ ಗೇಟು ಹಾರುಹೊಡೆದೇ ಇತ್ತು. ದೊರೆ ಕುಂಟುತ್ತ ಬಂದು ಗೇಟಿನವರೆಗೆ ಹೋಯಿತು, ನಾನೂ ಹೋದೆ. ಇಬ್ಬರೂ ಬೀದಿ ನೋಡಿದೆವು. ಆಮೇಲೆ ಇಬ್ಬರೂ ಒಳಗೆ ಬಂದೆವು.

ಮಾಸ್ತರು ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ಬಾ. ಬಂದು ದೊರೆಯನ್ನು ನೋಡಿಕೋ. ಅದು ಹೊರಗಿಂದ ಬಂದಾಗಲೆಲ್ಲ ಬೆರಳ ಸಂದಿ, ಕಿವಿ ನೋಡಬೇಕು. ಸಂದಿಯ ಕೂದಲು ಗಿಡ್ಡ ಇರಬೇಕು. ಬಟ್ಟೆಯ ಕತ್ತರಿ ಮುಟ್ಟಬೇಡ, ಬೇರೆ ಇಟ್ಟಿದ್ದೇನೆ. ಸಿಕ್ಕ ಬೀಜವನ್ನು ಮುಚ್ಚಳದ ಡಬ್ಬಿಗೆ ಹಾಕು.

ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ನೀನು ಬರದಿದ್ದರೆ ನಾನು ದೊರೆಯನ್ನು ಬಿಟ್ಟು ಹೋಗುವವಳಲ್ಲ. ಅದು ನಿನಗೂ ಗೊತ್ತು. ಗೊತ್ತಿದ್ದೇ ನೀನು ಬಿಟ್ಟು ಹೋದೆ.

ಎಲ್ಲೇ ಇರು, ನಿನ್ನ ಕಾಲಿಗೆ ಮುಳ್ಳು ತಾಗದಿರಲಿ.

ಹಿಂಬಾಗಿಲ ಮೆಟ್ಟಿಲ ಮೇಲಿಂದ,
ನಿನ್ನ ಅಕ್ಕ