ಒಂದೇ ದೇಶ, ಒಂದೇ ಸೂರ್ಯ

ಜನವರಿ ೨೪, ಮಂಗಳವಾರ. ಬೆಳಿಗ್ಗೆ ೯.೧೫

ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಮುಗಿಯಿತು. ಬೇಸಿಗೆ ರಜೆ ಕಳೆದು ಎರಡನೆಯ ದಿನ. ಆಗಲೇ ಮೂವತ್ತೊಂದು ಡಿಗ್ರಿ. ಎಲ್ಲರೂ ಅಗಲ ಅಂಚಿನ ಟೋಪಿಯಲ್ಲಿ. ಮುಖ ನೋಡುವುದಿಲ್ಲ, ಕಿವಿ ನೋಡುತ್ತೇನೆ. ನೆರಳಿನಲ್ಲಿದೆ, ನೆರಳಿನಲ್ಲಿದೆ, ನೆರಳಿನಲ್ಲಿದೆ... ಮಗ ಫರ್ಗಸ್ ತೀರಿಹೋದಾಗಿನಿಂದ, ಹದಿನಾಲ್ಕು ತಿಂಗಳಿಂದ, ಹೀಗೆ.

ಒಬ್ಬ ಪುಟ್ಟ ಹುಡುಗಿ ಬರಿದಲೆಯಲ್ಲಿ ಬಂದಳು.

“ಟೋಪಿ ಎಲ್ಲಿ?”

“ಕಾರಲ್ಲೇ ಉಳೀತು ತಾತ. ಇವತ್ತು ನಂಗೆ ಆಟ ಇಲ್ಲ. ಕಟ್ಟೆ ಮೇಲೆ ಕೂರ್ಬೇಕು.”

ಟೋಪಿಯಿಲ್ಲದವರಿಗೆ ಆಟವಿಲ್ಲ. ಕ್ವೀನ್ಸ್‌ಲ್ಯಾಂಡಿನ ಪ್ರತಿ ಮಗುವಿಗೂ ಬಾಯಿಪಾಠ. ನನ್ನ ಮಗ ಒಂದು ದಿನವೂ ಆ ಕಟ್ಟೆಯ ಮೇಲೆ ಕುಳಿತವನಲ್ಲ. ಟೋಪಿ ಎಂದೂ ಮರೆಯಲಿಲ್ಲ. ಆದರೆ ಅದು ಕ್ಯಾಪ್. ಹಣೆಗೆ ಮಾತ್ರ ಅಂಚು.

ಜನವರಿ ೨೭, ಶುಕ್ರವಾರ. ಸಂಜೆ

ನೋಯಲೀನ್ ಬಂದಿದ್ದಳು. ಹಿಂದೆ ಶಾಲೆಯ ಕ್ಯಾಂಟೀನ್ ನಡೆಸುತ್ತಿದ್ದವಳು. ಈಗ ಶಾಲೆಯ ಶತಮಾನೋತ್ಸವದ ಪುಸ್ತಕ ಸಿದ್ಧಪಡಿಸುತ್ತಿದ್ದಾಳೆ. ನನ್ನ ಹೆಂಡತಿ ಮೆರಿನ್ ಅಂಗಡಿಗೆ ಹೋಗಿದ್ದಳು — ನೋಯಲೀನ್ ಅದನ್ನು ನೋಡಿಕೊಂಡೇ ಬಂದಿರಬೇಕು. ಮೇಜಿನ ಮೇಲೆ ಪೋಷಕರ ಸಮಿತಿಯ ಹಳೆಯ ನಡಾವಳಿ ಪುಸ್ತಕ ಇಟ್ಟಳು. ಆಗಸ್ಟ್ ೧೯೯೬.

“ಅವತ್ತು ನನ್ನ ಚಿಂದಿ ಮಾಡ್ಬಿಟ್ಟೆ ನೀನು. ಒಂದು ವಾರ ಕ್ಯಾಂಟೀನಲ್ಲಿ ಪೈ ಬಿಸಿ ಮಾಡೋವಾಗ್ಲೂ ಅಳ್ತಿದ್ದೆ ಮಾರಾಯ.”

ಓದಿದೆ. ಕ್ಯಾಪ್ ಬಿಟ್ಟು ಅಗಲ ಟೋಪಿ ಕಡ್ಡಾಯ ಮಾಡಬೇಕೆಂದು ಅವಳ ಸೂಚನೆ. ಕೈಯಲ್ಲಿ ದೇಶದ ನಕ್ಷೆ. ಚರ್ಮದ ಕ್ಯಾನ್ಸರ್ ಹೆಚ್ಚಿರುವಲ್ಲಿ ಕೆಂಪು. ವಿರೋಧಿಸಿದವನು ನಾನು. ಎರಡು ವರ್ಷ ಕಾಲೇಜಿನ ಚರ್ಚಾ ತಂಡದ ನಾಯಕನಾಗಿದ್ದವನು. ಅಗಲ ಟೋಪಿ ಚೀಲದಲ್ಲಿರುತ್ತದೆ, ಕ್ಯಾಪ್ ತಲೆಯ ಮೇಲಿರುತ್ತದೆ, ಎಂದಿದ್ದೆ. ನಕ್ಷೆಗೆ ಬಣ್ಣ ಹಾಕಿದವರ ಬಳಿ ಕೆಂಪು ಪೆನ್ಸಿಲ್ ಮಾತ್ರ ಇತ್ತೇನೋ, ಎಂದಿದ್ದೆ. (ನಗು, ಎಂದು ದಾಖಲಾಗಿದೆ.) ನಾವು ದಕ್ಷಿಣ ತುದಿಯ ಟಾಸ್ಮೇನಿಯಾದ ಹೋಬರ್ಟಿನಿಂದ ಬಂದವರು, ಒಂದೇ ದೇಶ, ಒಂದೇ ಸೂರ್ಯ, ಎಂದಿದ್ದೆ. (ಚಪ್ಪಾಳೆ.) ಹನ್ನೊಂದಕ್ಕೆ ನಾಲ್ಕು ಮತಗಳಿಂದ ಅವಳ ಸೂಚನೆ ಬಿದ್ದುಹೋಯಿತು. ಅಗಲ ಟೋಪಿ ಬಂದದ್ದು ಆರು ವರ್ಷಗಳ ಮೇಲೆ. ಆಗ ಫರ್ಗಸ್ ಪ್ರೌಢಶಾಲೆಯಲ್ಲಿದ್ದ.

“ಮೆರಿನ್‌ಗೆ ಗೊತ್ತಾ?” ಕೇಳಿದಳು.

ಅವಳಿಗೆ ಗೊತ್ತಿಲ್ಲ. ಆ ತಿಂಗಳು ತಾಯಿಯ ಆರೈಕೆಗೆ ಹೋಬರ್ಟಿಗೆ ಹೋಗಿದ್ದಳು. ಬಂದಾಗ ಹೇಳಿದ್ದೆ — ಸಮಿತಿ ಹಾಗೆ ತೀರ್ಮಾನಿಸಿತು.

“ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಅಚ್ಚಿಗೆ ಕೊಡ್ತೀನಿ, ಆರನೇ ತಾರೀಕು. ಬೇಡ ಅಂದ್ರೆ ನಿನ್ನ ಹೆಸರು ತೆಗೀತೀನಿ. ಚುಚ್ಚೋಕೆ ಬಂದಿಲ್ಲ ನಾನು. ನನ್ನ ಮೊಮ್ಮಕ್ಕಳಿಗೆಲ್ಲ ಫರ್ಗ್ ಈಜು ಕಲಿಸ್ದೋನು.”

ನಡಾವಳಿ ಪುಸ್ತಕ ಮುಚ್ಚಿ ಅವಳ ಕೈಗಿಟ್ಟೆ.

ಜನವರಿ ೨೮

ಊಟದಲ್ಲಿ ಮೆರಿನ್, ತಾನಾಗಿಯೇ: “ಕ್ಯಾಪೇ ಸಾಕು ಅಂದ ಆ ಸಮಿತಿಯೋರು ಒಬ್ರಾದ್ರೂ ಬಂದು ಮುಖ ತೋರ್ಸಿದ್ರಾ? ಮಗು ಕಿವಿ ಸುಟ್ಟು ಸಿಪ್ಪೆ ಏಳ್ತಿತ್ತು. ನಾನೇ ಅಲೋವೆರಾ ಹಚ್ಚಿದ್ದು.”

ಉಪ್ಪಿನ ಡಬ್ಬಿ ಅವಳ ಕಡೆ ಸರಿಸಿದೆ.

ಜನವರಿ ೩೦, ಸೋಮವಾರ

ಆರು ತಿಂಗಳಿಗೊಮ್ಮೆಯ ಚರ್ಮ ತಪಾಸಣೆ. ವೈದ್ಯೆ ಚಿಕ್ಕವಳು; ಬೆನ್ನನ್ನು ಅಂಗುಲ ಅಂಗುಲವಾಗಿ ಭೂತಗನ್ನಡಿಯಲ್ಲಿ ನೋಡಿದಳು. ಏನೂ ಇಲ್ಲ. ಅರವತ್ತಾರು ವರ್ಷದ ಚರ್ಮದಲ್ಲಿ ಏನೂ ಇಲ್ಲ. ಫರ್ಗಸ್‌ನ ಎಡಗಿವಿಯ ಹಿಂದಿನ ಕಪ್ಪು ಚುಕ್ಕೆಯನ್ನು ಮೊದಲು ಕಂಡವನು ಕ್ಷೌರಿಕ. ನಾನಲ್ಲ.

ಗೋಡೆಯ ಮೇಲೆ ಅದೇ ನಕ್ಷೆ. ಟಾಸ್ಮೇನಿಯಾ ತಿಳಿ, ನಾವಿರುವಲ್ಲಿ ಗಾಢ.

“ಹೋಬರ್ಟಿನಲ್ಲೇ ಉಳಿದಿದ್ದರೆ?” ಕೇಳಿದೆ.

“ಅಲ್ಲೂ ಬರತ್ತೆ ಸರ್, ಇಲ್ಲಿಗಿಂತ ಕಡಿಮೆ ಜನಕ್ಕೆ. ಇಲ್ಲಿಗೆ ಬಂದಾಗ ನಿಮ್ಮ ಮಗನಿಗೆಷ್ಟು ವಯಸ್ಸು?”

“ನಾಲ್ಕು.”

ಪೆನ್ನಿನ ಮುಚ್ಚಳ ಹಾಕಿದಳು. “ಚಿಕ್ಕಂದಿನಲ್ಲಿ ಸುಟ್ಟಿದ್ದು ಲೆಕ್ಕಕ್ಕೆ ಬರತ್ತೆ. ಬಿಳಿ ಚರ್ಮ, ಕೆಂಚು ಕೂದಲು, ಅದೂ ಬರತ್ತೆ. ಆದ್ರೆ ಒಬ್ಬರ ವಿಷಯದಲ್ಲಿ ಇದೇ ಕಾರಣ ಅಂತ ಬೆರಳಿಟ್ಟು ತೋರ್ಸೋಕಾಗಲ್ಲ.”

ಪ್ರತಿವಾದಕ್ಕೆ ಇದಕ್ಕಿಂತ ಉತ್ತಮ ಆಧಾರ ಬೇಕಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇದೊಂದರ ಮೇಲೆಯೇ ಪಂದ್ಯ ಗೆಲ್ಲುತ್ತಿದ್ದೆ. ಮನೆ ಮುಟ್ಟುವಷ್ಟರಲ್ಲಿ ಭಾಷಣ ಸಿದ್ಧವಾಗಿತ್ತು — ಪೀಠಿಕೆ, ಮೂರು ಅಂಶ, ಉಪಸಂಹಾರ. ಕಾರು ನಿಲ್ಲಿಸಿ ಬಹಳ ಹೊತ್ತು ಇಳಿಯಲಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತದೆ. ಅಲ್ಲಿ ಕುಳಿತು ಅವನು ಕಿವಿ ಕೆರೆದುಕೊಳ್ಳುತ್ತಿದ್ದ. “ಕೈ ಕೆಳಗಿಡು” ಎನ್ನುತ್ತಿದ್ದೆ. ಇಡುತ್ತಿದ್ದ.

ಫೆಬ್ರುವರಿ ೫, ಭಾನುವಾರ. ಮಧ್ಯಾಹ್ನ ೩.೨೦

ಐದು ದಿನ ಬರೆದಿಲ್ಲ. ನಾಲ್ಕು ಬಾರಿ ಅವಳೆದುರು ಕುಳಿತೆ. ನಾಲ್ಕು ಬಾರಿಯೂ ಬಾಯಿಗೆ ಬಂದದ್ದು ಪೀಠಿಕೆ. “ಆ ಕಾಲದಲ್ಲಿ ಎಲ್ಲ ಶಾಲೆಗಳಲ್ಲೂ...” ಎಂದು ಆರಂಭಿಸಿದೆ ನಿನ್ನೆ.

“ಯಾರ ಹತ್ರ ವಾದ ಮಾಡ್ತಿದೀಯ ಆಲಸ್ಟರ್? ಇಲ್ಲಿ ತೀರ್ಪುಗಾರರು ಯಾರೂ ಇಲ್ಲ” ಎಂದು ನಕ್ಕಳು. ಅವಳು ನಕ್ಕದ್ದು ಬಹಳ ದಿನಗಳ ಮೇಲೆ. ನಿಲ್ಲಿಸಿಬಿಟ್ಟೆ.

ಈಗಷ್ಟೇ ನೋಯಲೀನ್‌ಗೆ ಫೋನ್ ಮಾಡಿದೆ. ಹೆಸರು ಇರಲಿ. (ನಗು), (ಚಪ್ಪಾಳೆ) ಕೂಡ ಇರಲಿ.

“ಮೆರಿನ್‌ಗೆ?”

“ಇವತ್ತೇ.”

ಜಗಲಿಯಲ್ಲಿ ಮಾವು ಹೆಚ್ಚುತ್ತಿದ್ದಾಳೆ. ಗೂಟದಲ್ಲಿ ಫರ್ಗಸ್‌ನ ನೀಲಿ ಕ್ಯಾಪ್. ಅವಳೇ ತೂಗುಹಾಕಿದ್ದು, ಧೂಳು ಕೂರಲು ಬಿಡುವುದಿಲ್ಲ. ಅದರ ಕೆಳಗೆ ದಿನವೂ ಓಡಾಡುತ್ತೇನೆ. ಅದರ ಅಂಚು ಸದಾ ನನ್ನ ಕಡೆಗೇ ತಿರುಗಿರುತ್ತದೆ.

“ಬಾ, ಹಣ್ಣು ಬಿಸಿಯಾಗತ್ತೆ. ಅದೇನು ಅಷ್ಟೊತ್ತಿಂದ ಬರೀತಿದೀಯ?”

ಬರುತ್ತಿದ್ದಾಳೆ. ಚಪ್ಪಲಿಯ ಸದ್ದು ಹಜಾರದಲ್ಲಿ. ಮಾತಿಗಿಳಿದರೆ ಗೆದ್ದುಬಿಡುತ್ತೇನೆ, ಅಭ್ಯಾಸ ಹಾಗಿದೆ. ಅವಳು ನನ್ನನ್ನು ಸಮಾಧಾನ ಮಾಡುವಂತಾಗುತ್ತದೆ. ಅದಾಗಬಾರದು. ಈ ದಿನಚರಿಯನ್ನು ಇಪ್ಪತ್ತೇಳನೆಯ ತಾರೀಖಿನ ಪುಟಕ್ಕೆ ತೆರೆದು ಅವಳ ಕೈಗೆ —