ವೀಳ್ಯ ಕೊಡದವರಿಗೆ ಹಾಡಿಲ್ಲ

ಸಾಸಲು
9-3-2026, ಸೋಮವಾರ

ಮೊಮ್ಮಗಳು ಸಿಂಚನಾಗೆ ನಿನ್ನ ಅಜ್ಜಿಯ ಆಶೀರ್ವಾದ. ಆಶೀರ್ವಾದ ಇದೊಂದೇ ಸಾಲು, ಮುಂದಿನದೆಲ್ಲ ಜಗಳ. ಕೂತುಕೊಂಡು ಓದು.

ಫೋನ್ ಮಾಡದೆ ಕಾಗದ ಯಾಕೆ ಬರೆದಳು ಮುದುಕಿ ಅಂದುಕೊಳ್ಳುತ್ತೀಯ. ಫೋನಿನಲ್ಲಿ ಬೈದರೆ ಅದನ್ನೂ ಯಾವುದಾದರೂ ಯಂತ್ರ ಕೇಳಿಸಿಕೊಂಡು ಕಲಿತುಬಿಟ್ಟರೆ ಏನು ಮಾಡಲಿ? ನನ್ನ ಬೈಗುಳವಾದರೂ ನನ್ನ ಹತ್ತಿರ ಉಳಿಯಲಿ. ನಾಲ್ಕನೇ ಕ್ಲಾಸಿನ ಅಕ್ಷರ, ಒತ್ತು ತಪ್ಪಿದ ಕಡೆ ನೀನೇ ಹಾಕಿಕೋ.

ನೀನು ಕಳಿಸಿದ ಕಂಪನಿಯ ಕರಾರು ಪತ್ರ ತಲುಪಿತು. ಅಜ್ಜಿ ಸಹಿ ಹಾಕಿದರೆ ತೆಗೆದುಹಾಕಿದ ವಿಡಿಯೋ ವಾಪಸ್ಸು ಬರುತ್ತದೆ, ಅಷ್ಟೇ ತಾನೇ ಅಂದೆ. ಅರಿಶಿನಕುಂಟೆಯ ನಿನ್ನ ಪಾರ್ಲರಿಗೆ ಮದುಮಗಳ ಅಲಂಕಾರಕ್ಕೆ ಬರುವವರು ನಾನು ಮದುವೆ ಹಾಡು ಹಾಡಿದ ಆ ವಿಡಿಯೋ ನೋಡಿಯೇ ಬರುವುದು, ನನಗೆ ಗೊತ್ತು. ನಿನ್ನ ಹೊಟ್ಟೆಯ ಮೇಲೆ ಹೊಡೆಯುವ ಆಸೆ ನನಗಿಲ್ಲ. ಆದರೆ ನಡೆದದ್ದೇನು ಅಂತ ನಿನಗೆ ಪೂರ್ತಿ ಗೊತ್ತಿಲ್ಲ.

ಹೋದ ತಿಂಗಳು ಚಿನ್ನಸ್ವಾಮಿ ಮಗಳು ಅಕ್ಷತಳ ಮದುವೆ ಆಯಿತಲ್ಲ, ಅದಕ್ಕೆ ನನ್ನನ್ನು ಊಟಕ್ಕೆ ಕರೆದರೇ ಹೊರತು ಹಾಡುವುದಕ್ಕೆ ಕರೆಯಲಿಲ್ಲ. ನಮ್ಮ ಕಡೆ ಸೋಬಾನೆಗೆ ಕರೆಯಬೇಕಾದರೆ ಎಲೆ ಅಡಿಕೆ ಹಿಡಿದು ಮನೆಗೆ ಬರುತ್ತಾರೆ. ವೀಳ್ಯ ಬರದಿದ್ದರೆ ಗಂಟಲು ಕೆರೆದರೂ ಹಾಡುವ ಹಾಗಿಲ್ಲ. ಸರಿ, ಈಗಿನವರಿಗೆ ಬೇಡವೇನೋ ಅಂತ ಪಾಯಸದ ಮುಂದೆ ಕೂತೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ಸ್ಪೀಕರಿನಲ್ಲಿ ನಾನೇ ಹಾಡಿದೆ ಕಣೇ! ಬಾಯಲ್ಲಿ ತುತ್ತು ಇಟ್ಟುಕೊಂಡು ನನ್ನ ದನಿಯನ್ನು ನಾನೇ ಕೇಳಿದೆ. ಸುತ್ತ ಕೊಳಲು, ಕೀಬೋರ್ಡು, ಹಿಂದುಗಡೆ ಹತ್ತು ಹೆಂಗಸರು ದನಿಗೂಡಿಸಿದ ಹಾಗೆ. ಆ ಹತ್ತು ಜನವೂ ನಾನೇ. ಎಲ್ಲ ಸರಿಯಾಗಿ ಹಾಡಿ ಕೊನೆಗೆ ಅಕ್ಷತ ಅನ್ನಬೇಕಾದ ಕಡೆ 'ಮುನಿಲಕ್ಷ್ಮಿ' ಅಂದಿತು. ಮುನಿಲಕ್ಷ್ಮಿಯನ್ನು ಒಪ್ಪಿಸಿದ್ದೇವೆ, ಚೆನ್ನಾಗಿ ನೋಡಿಕೊಳ್ಳಿ ಅಂತ.

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಹೆಣ್ಣಿನ ತಾಯಿ ಪ್ರಮೋದಾ ನೇರ ನನ್ನ ಎಲೆಯ ಮುಂದೆ ಬಂದು ನಿಂತಳು.

"ಏನ್ ಅಮ್ಮಯಮ್ಮ, ನನ್ ಮಗಳ ಹೆಸ್ರು ನಿನ್ಗೆ ಗೊತ್ತಿಲ್ವಾ? ಇನ್ಯಾರ್ನೋ ಕಳ್ಸಿಕೊಡ್ತಾ ಇದ್ದೀಯಲ್ಲ?"

"ನನ್ ಬಾಯಿ ಇಲ್ಲೇ ಅನ್ನ ತಿಂತಾ ಐತೆ, ನೋಡವ್ವ. ಅಲ್ಲಿ ಹಾಡ್ತಿರೋದು ಯಾರು ಅಂತ ಆ ಪೆಟ್ಟಿಗೇನೇ ಕೇಳು."

ಆ ಹೆಸರು ಎಲ್ಲಿಂದ ಬಂತು ಅಂತ ನನಗೆ ಆಗಲೇ ಹೊಳೆಯಿತು. ಹೋದ ವರ್ಷ ಕಡಲೆಕಾಯಿ ಬಿಡಿಸುತ್ತಾ ಕೂತಾಗ ನೀನು ಮೊಬೈಲಿನಲ್ಲಿ ಹಿಡಿದುಕೊಂಡೆಯಲ್ಲ, ಅದೇ ಹಾಡು. ಎದುರಿಗೆ ಮದುಮಗಳು ಇಲ್ಲದೆ ಒಪ್ಪಿಸುವ ಹಾಡು ಹೇಳುವಾಗ ಬೇರೆ ಮನೆಯ ಹೆಣ್ಣಿನ ಹೆಸರು ಎತ್ತಬಾರದು, ನಮ್ಮ ಮನೆಯ ಹೆಸರನ್ನೇ ಹಾಕಬೇಕು. ಹಾಗೆ ಹಾಕಿದ್ದೆ. ಅವತ್ತು ನೀನು, ನನ್ನ ಹೆಸರು ಇರುವಾಗ ಯಾರು ಈ ಮುನಿಲಕ್ಷ್ಮಿ ಅಂತ ಮುಖ ಊದಿಸಿಕೊಂಡೆ. ಬಾಯಿಗೆ ಬಂದ ಹೆಸರು ಅಂತ ನಾನು ಅಂದುಬಿಟ್ಟೆ. ನೀನು ಅದನ್ನು ವಿಡಿಯೋ ಮಾಡಿ ಹಾಕಿದೆ, ಆ ಕಂಪನಿಯ ಯಂತ್ರ ಅದನ್ನು ಕೇಳಿ ನನ್ನ ಹಾಗೆ ಹಾಡುವುದನ್ನು ಕಲಿಯಿತು. ಅದಕ್ಕೆ ಹಾಡು ಗೊತ್ತು, ಹೆಸರು ಬದಲಾಯಿಸಬೇಕು ಅನ್ನುವುದು ಗೊತ್ತಿಲ್ಲ. ಆಮೇಲೆ ಕಂಪನಿಯವರು ಅದನ್ನು ತಮ್ಮದೇ ಹಾಡು ಅಂತ ಬರೆಸಿಕೊಂಡು, ನಮ್ಮ ವಿಡಿಯೋವನ್ನೇ ಕದ್ದ ಮಾಲು ಅಂತ ತೆಗೆಸಿದರು. ಎಷ್ಟು ಚೆನ್ನಾಗಿದೆ ನೋಡು ನ್ಯಾಯ.

ನೀನು ನನ್ನ ನಂಬರು ಕೊಟ್ಟೆಯಂತಲ್ಲ, ಆ ಕಂಪನಿಯ ಜಯಕುಮಾರ್ ಫೋನ್ ಮಾಡಿದ್ದ. ಬಾಯಿ ತುಂಬ ಅಜ್ಜಿ ಅಜ್ಜಿ ಅಂದ. ಜನಪದಕ್ಕೆ ಓನರ್ ಯಾರೂ ಇಲ್ಲ, ಅದು ಎಲ್ಲರದೂ ಅಂದ.

"ಎಲ್ಲರ್ದೂ ಅಂದ್ಮೇಲೆ ನನ್ ಮೊಮ್ಮಗಳ ವಿಡಿಯೋ ಯಾಕಪ್ಪ ಕಿತ್ತಾಕಿದ್ರಿ? ಅವಳು ಎಲ್ಲರಲ್ಲಿ ಸೇರಿಲ್ವಾ?"

ಸಿಸ್ಟಮ್ಮು ತಾನಾಗೇ ಮಾಡಿದ್ದು ಅಂದ. ತೆಗೆದುಕೊಳ್ಳುವಾಗ ಇವರು, ತಪ್ಪು ಮಾಡುವಾಗ ಸಿಸ್ಟಮ್ಮು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗಿ ವಕೀಲ ಅಫ್ಸರನನ್ನು ಕಂಡೆ. ನನ್ನ ಗೆಳತಿ ಅನ್ವರ್ ಬೇಗಂ ಮಗ, ನನ್ನ ಕೈಯಲ್ಲಿ ರೊಟ್ಟಿ ತಿಂದು ಬೆಳೆದವನು. ಪದ ಹಳೆಯದು, ಅದು ನಿನ್ನದು ಅಂತ ಹೇಳಲಾಗುವುದಿಲ್ಲ ಅಮ್ಮ, ಆದರೆ ಹಾಡಿದ್ದು ನೀನು, ಹಾಡಿದವರಿಗೂ ಕಾನೂನಿನಲ್ಲಿ ಹಕ್ಕಿದೆ ಅಂದ. ಯಂತ್ರ ಕಲಿತುಕೊಂಡ ದನಿಗೆ ಏನು ಅಂದರೆ, ಅದು ಇನ್ನೂ ಗಟ್ಟಿಯಾಗಿಲ್ಲವಂತೆ, ದಿಲ್ಲಿಯಲ್ಲಿ ಮಾತುಕತೆ ನಡೆಯುತ್ತಿದೆಯಂತೆ. ಕೇಳದೇ ತೆಗೆದುಕೊಳ್ಳಲಿ, ಆಮೇಲೆ ಪಾಲು ಕೊಡಲಿ ಅನ್ನುವವರೂ ಇದ್ದಾರಂತೆ. ಆಮೇಲೆ ಕೊಡುವುದು ವೀಳ್ಯ ಹೇಗಾಗುತ್ತದೆ? ಬಾಗಿಲಿಗೆ ಬಂದು ಕೇಳಬೇಕು, ನಾನು ಇಲ್ಲ ಅಂದರೆ ಇಲ್ಲ ಅನ್ನುವುದನ್ನು ಕೇಳಿಕೊಂಡು ಹೋಗುವ ಯೋಗ್ಯತೆಯೂ ಇರಬೇಕು.

ನಿನ್ನ ಕರಾರು ಪತ್ರವನ್ನು ಅಫ್ಸರ್ ಓದಿ ಹೇಳಿದ. ಈ ದನಿಯಲ್ಲಿ ಏನು ಬೇಕಾದರೂ, ಯಾವಾಗ ಬೇಕಾದರೂ, ಶಾಶ್ವತವಾಗಿ ಹಾಡಿಸಬಹುದು ಅಂತ ಇದೆ. ನನ್ನನ್ನು ಮಣ್ಣು ಮಾಡಿದ ಮಾರನೇ ದಿನ ಸೋಪಿನ ಜಾಹೀರಾತಿಗೆ ನಾನು ಹಾಡಬೇಕು. ಇದಕ್ಕೆ ಸಹಿ ಹಾಕು ಅಂತ ನನ್ನ ಮೊಮ್ಮಗಳೇ ಕೇಳುತ್ತಾಳೆ.

ಕಂಪನಿಗೆ ನೋಟೀಸು ಕಳಿಸಲು ಹೇಳಿಬಿಟ್ಟಿದ್ದೇನೆ. ನಿನ್ನ ಹಳೇ ಮೊಬೈಲಿನಲ್ಲಿ ಆ ಮೊದಲ ರೆಕಾರ್ಡು ಇದೆಯಲ್ಲ, ಅದನ್ನು ತೆಗೆದುಕೊಂಡು ಗುರುವಾರ ಅಫ್ಸರನ ಆಫೀಸಿಗೆ ಬಾ. ಹಿಡಿದುಕೊಂಡವಳು ನೀನು ಅಂತ ನೀನೇ ಪ್ರಮಾಣ ಮಾಡಿ ಹೇಳಬೇಕು. ಬಂದರೆ ನನ್ನ ಮೊಮ್ಮಗಳು. ಬರದಿದ್ದರೂ ಮೊಮ್ಮಗಳೇ, ಆದರೆ ನಿನ್ನ ಮದುವೆಗೆ ಆ ಪೆಟ್ಟಿಗೆಯೇ ಹಾಡಲಿ.

ಈ ಹಾಳೆ ತಿರುಗಿಸಿ ನೋಡು, ನೀನು ಕಳಿಸಿದ ಪತ್ರವೇ. ಕಾಗದ ಒಳ್ಳೆಯದಿತ್ತು, ಹಿಂಬದಿ ಖಾಲಿ ಇತ್ತು.

ಈ ಬದಿಯಲ್ಲಿ ಮಾತ್ರ ಸಹಿ ಹಾಕುವ
ನಿನ್ನ ಅಜ್ಜಿ,
ಅಮ್ಮಯಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯುವ ಮನಸ್ಸಿರಲಿಲ್ಲ. ಮುನಿಲಕ್ಷ್ಮಿ ಯಾರು ಅಂತ ನೋಟೀಸಿನಲ್ಲಿ ಬರೆಯಲೇಬೇಕು, ಅದೇ ದೊಡ್ಡ ಸಾಕ್ಷಿ ಅಂತಾನೆ ಅಫ್ಸರ್. ಅವನಿಗಿಂತ ಮೊದಲು ನಿನಗೆ ತಿಳಿಯಲಿ. ಅವಳು ನಿನ್ನ ಅತ್ತೆ, ನಿಮ್ಮಪ್ಪನಿಗಿಂತ ಮುಂಚೆ ಹುಟ್ಟಿದವಳು. ಆರನೇ ವಯಸ್ಸಿಗೆ ಜ್ವರ ಬಂದು ಹೋದಳು. ಮನೆಯಲ್ಲಿ ಹೆಸರೆತ್ತಿದರೆ ನಿಮ್ಮ ತಾತ ಊಟ ಬಿಡುತ್ತಿದ್ದರು, ಅದಕ್ಕೆ ಹಾಡಿನೊಳಗೆ ಇಟ್ಟುಕೊಂಡಿದ್ದೆ. ಒಬ್ಬಳೇ ಕೂತು ಹಾಡಿದಾಗಲೆಲ್ಲ ಅವಳಿಗೆ ಮದುವೆ ಮಾಡಿದ್ದೇನೆ. ಇವರು ಅವಳನ್ನು ಗುರುತಿಲ್ಲದವರ ಚಪ್ಪರದಲ್ಲೆಲ್ಲ ಒಪ್ಪಿಸಿಕೊಂಡು ತಿರುಗುತ್ತಿದ್ದಾರೆ. ನನ್ನ ಮಗಳನ್ನು ಕಳಿಸಿಕೊಡುವವಳು ನಾನು, ಸಿಂಚನಾ. ಗುರುವಾರ ಬಾ.