ಲೋವಿಸಾಳ ಹುಬ್ಬಿನ ಗುರುತು

ನವೆಂಬರ್ ೧೪, ಗುರುವಾರ

ಒಂದು ಪುಟ್ಟ ಗಾಯದ ಗುರುತು. ಅದನ್ನು ಅಳಿಸೆಂದು ನನಗೆ ಯಾರೂ ಹೇಳಿರಲಿಲ್ಲ.

ನಮ್ಮೂರ ಶಾಲೆಯಲ್ಲಿ ಆ ಗುಂಡುಗಳು ಹಾರಿ ಇಂದಿಗೆ ಒಂಬತ್ತು ದಿನ. ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಫೋಟೋ ತೆಗೆಯುವ ಸ್ವೀಡನ್ನಿನ ಫೋಟೋಗ್ರಾಫರುಗಳೆಲ್ಲ ಮಧ್ಯಾಹ್ನ ಸತ್ತ ಮಕ್ಕಳ ನೆನಪಿಗೆ ಕ್ಯಾಮೆರಾಗಳಿಗೆ ಕಪ್ಪು ಬಟ್ಟೆ ಹೊದಿಸಿ ಸುಮ್ಮನೆ ನಿಂತೆವು. ಬೇರೇನು ಮಾಡಬೇಕೆಂದು ಹೊಳೆಯಲಿಲ್ಲ. ನಮ್ಮ ಸಂಘದ ಟೋರ್ಕೆಲ್ ಬೆಳಗ್ಗೆಯೇ ಫೋನಿನಲ್ಲಿ ಗದರಿದ್ದ: "ಪೇಪರಿನವ್ರು ಕಾಲಿಗೆ ಬಿದ್ರೂ ಒಂದು ಫೋಟೋನೂ ಕೊಡಬೇಡ ಕಣೋ. ಆ ಮುಖಗಳು ಅವರಪ್ಪ ಅಮ್ಮಂದು, ನಮ್ದಲ್ಲ."

ಕ್ಯಾಮೆರಾದ ಬಟ್ಟೆ ತೆಗೆಯುವಷ್ಟರಲ್ಲಿ ಲೋವಿಸಾಳ ತಾಯಿ ಸ್ಟುಡಿಯೋಗೆ ಬಂದರು. ತೀರಿಕೊಂಡ ಮಕ್ಕಳಲ್ಲಿ ಅವಳೇ ಚಿಕ್ಕವಳು. ತಾಯಿಯ ಕೈಯಲ್ಲಿ ನಾನು ಸೆಪ್ಟೆಂಬರಿನಲ್ಲಿ ತೆಗೆದ ಅವಳ ಶಾಲಾ ಫೋಟೋ ಇತ್ತು.

"ಶವಪೆಟ್ಟಿಗೆ ಮೇಲೆ ಇಡೋಕೆ ಇದೇ ಬೇಕು. ಇದ್ರಲ್ಲಿ ಮಾತ್ರ ನೆಟ್ಟಗೆ ನೋಡ್ತಿದ್ದಾಳೆ. ಆದ್ರೆ ಹುಬ್ಬಿನ ಮೇಲೆ ಗಾಯದ ಗುರುತಿತ್ತಲ್ಲ, ಹಿಮದಲ್ಲಿ ಜಾರಿ ಬಿದ್ದಿದ್ದು? ಇದ್ರಲ್ಲಿ ಅದಿಲ್ಲ. ಅದಿರೋ ಪ್ರತಿ ಕೊಡಿ."

ಮಕ್ಕಳ ಮುಖದ ಕಲೆಗಳನ್ನು ನಾವೆಲ್ಲರೂ ತಿದ್ದುತ್ತೇವೆ. ತಿದ್ದಿದ ಮೇಲೆ ಮೂಲ ಚಿತ್ರವನ್ನು ನಾನು ಇಟ್ಟುಕೊಳ್ಳುವುದಿಲ್ಲ. ಇಲ್ಲ ಎಂದೆ.

"ಹೋಗ್ಲಿ ಬಿಡಿ. ಚೆನ್ನಾಗಿ ಕಾಣ್ಲಿ ಅಂತ ತಾನೇ ಮಾಡಿದ್ದು," ಎಂದು ಅವರೇ ನನ್ನ ತೋಳು ಸವರಿದರು.

ಸಂಜೆಯಿಂದ ಕಂಪ್ಯೂಟರಿನಲ್ಲಿ ಆ ಗುರುತನ್ನು ಮತ್ತೆ ಮೂಡಿಸಲು ಕೂತಿದ್ದೇನೆ. ಎಡ ಹುಬ್ಬೋ, ಬಲವೋ, ನೆನಪಿಲ್ಲ. ಅವರನ್ನೇ ಕೇಳಬೇಕು. ಯಾವ ಬಾಯಲ್ಲಿ ಕೇಳಲಿ?